ನಿಮ್ಮವ್ವನ ಸೀರೆ ತಗೊಂಡು ಬಾ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಬಿಳಿಜೋಳದ ರಾಶಿ ಮುಗಿದು ಹೊಲದ ಕೆಲಸ ತಣ್ಣಗಾಗಿದೆ. ಅಂದ್ರೆ ನಮ್ಮ ಓಣಿಯಲ್ಲಿ ಹಳೇ ಬಟ್ಟೆ ಪದರ ಪದರವಾಗಿ ಹಾಕಿ ಹೊದೆಯುವ ಕೌದಿ ಹೊಲಿಯುವ ಕಾಲ ಬಂತು. ಯುಗಾದಿ ಮುಗಿದಿದ್ದೇ ತಡ, ದೊಡ್ಡವ್ವ ಪಡಸಾಲೆಯಲ್ಲಿ ಹಳೇ ಧೋತರ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಕೂತೇಬಿಟ್ಟಳು. ಮಧ್ಯಾಹ್ನದ ಊಟ ಆದ ಮೇಲೆ ಒಬ್ಬೊಬ್ಬರೇ ಸೂಜಿ ಹಿಡಿದು ಬಂದರು. ಈಗ ದಿನಾ ಏಳೆಂಟು ಜನ ಸೇರುತ್ತೇವೆ.

ದುಡ್ಡಿನ ಮಾತಿಲ್ಲ. ಹೊಲದಲ್ಲಿ ಮುಯ್ಯಾಳು ಇದ್ದ ಹಾಗೆ ಕೌದಿಗೂ ಮುಯ್ಯಿ. ಈ ವಾರ ನಮ್ಮನೆಯದು, ಮುಂದಿನ ವಾರ ಪಕ್ಕದ ಮನೆಯದು. ಯಾರ ಕೌದಿಯೋ ಅವರ ಮನೆಯಲ್ಲಿ ಚಹಾ, ಚುರುಮುರಿ. ಸೊಸೆಯಂದಿರ ಬಸಿರು, ಮಗನ ನೌಕರಿ, ಮೊಣಕಾಲು ನೋವು ಎಲ್ಲಾ ಅಲ್ಲೇ ಇತ್ಯರ್ಥ. ಯಾರಾದರೂ ಅತ್ತರೆ ಸೂಜಿ ನಿಲ್ಲುವುದಿಲ್ಲ, ಮಾತು ಮಾತ್ರ ಮೆಲ್ಲಗಾಗುತ್ತದೆ.

ಅಂಚಿನಿಂದ ಹೊಲಿಯುತ್ತಾ ಎಲ್ಲರೂ ಒಳಗೆ ಬರುತ್ತೇವೆ. ಸಾಲಿನಿಂದ ಸಾಲಿಗೆ ಒಂದು ಬೆರಳಗಲ. ಗುಳೇದಗುಡ್ಡ ಖಣದ ಚೂರುಗಳನ್ನು ಮೂಲೆಗೆ ಎತ್ತಿಡುತ್ತೇವೆ, ಕುಪ್ಪಸ ಹರಿದರೂ ಅದರ ಹೊಳಪು ಹೋಗಿರುವುದಿಲ್ಲ. ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿಯುತ್ತದಲ್ಲ, ಅದು ಕೌದಿಯ ಹೊಟ್ಟೆ. ದೊಡ್ಡವ್ವ ಅದರೊಳಗೆ ನಾಲ್ಕು ಕಾಳು ಜೋಳ ಹಾಕಿಯೇ ಮುಚ್ಚುವುದು. "ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತೂದಿಲ್ಲ" ಅನ್ನುತ್ತಾಳೆ.

ಹೋದ ತಿಂಗಳು ಹಳಿಯಾಳದ ಕಡೆ ಹೋಗಿದ್ದೆ. ಅಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿ ನೋಡಿ ನಿಂತಲ್ಲೇ ನಿಂತೆ. ಅವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅವರೂ ನಮ್ಮ ಹಾಗೆ ಅಂಚಿನಿಂದಲೇ ಒಳಗೆ ಬರುತ್ತಾರೆ. ಆದರೆ ಬಣ್ಣ ಇಡುವ ಧೈರ್ಯವೇ ಬೇರೆ! ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಡಚಿ 'ಫೂಲ' ಇಡುತ್ತಾರೆ. ಅದಿಲ್ಲದಿದ್ದರೆ ಅವರಿಗೆ ಕೌದಿ ಮುಗಿದ ಹಾಗೇ ಅಲ್ಲ. ಅವರ ಕೌದಿಗಳು ಅಮೆರಿಕದ ಮ್ಯೂಸಿಯಂವರೆಗೂ ಹೋಗಿವೆ. ಮನೆಗೆ ಬಂದವಳೇ ನಮ್ಮ ಕೌದಿಯ ಮೂಲೆಗಳನ್ನೂ ಬಿಚ್ಚಿ ಮತ್ತೆ ಹೊಲಿದೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಮೆತ್ತಗಾದ ನೂಲಿನ ಸೀರೆ ಈಗ ಯಾರ ಮನೆಯಲ್ಲೂ ಸಿಗುತ್ತಿಲ್ಲ. ಹೋದ ವರ್ಷ ನಾನು ಪಾಲಿಸ್ಟರ್ ಸೀರೆ ಹಾಕಿ ಹೊಲಿದೆ. ಬಟ್ಟೆ ಜಾರಿ ಜಾರಿ ಸಾಲೆಲ್ಲ ಸೊಟ್ಟಗಾಯಿತು. ಹೊದ್ದರೆ ಬೆವರು. ದೊಡ್ಡವ್ವ ಪೂರ್ತಿ ಬಿಚ್ಚಿಸಿದಳು. ನಿಮ್ಮವ್ವನ ಇಳಕಲ್ ಸೀರೆಗಳು ಇನ್ನೂ ಟ್ರಂಕಿನಲ್ಲೇ ಇವೆ ಅಲ್ವಾ? ಮೂರು ವರ್ಷದಿಂದ ಮುಟ್ಟಿಲ್ಲ ಅಂದಿದ್ದೆ. ಮುಟ್ಟುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೆ ಮಡಿಕೆಯಲ್ಲೇ ಇಟ್ಟರೆ ಮಡಿಕೆಗುಂಟ ಸೀಳುತ್ತವೆ ಕಣೋ. ಇಲ್ಲಿಗೆ ತಂದರೆ ಅವಳ ಜೊತೆ ಕೌದಿಗೆ ಕೂತವರೇ ಹೊಲಿಯುತ್ತಾರೆ. ನಿನ್ನ ಮಗಳು ಅಜ್ಜಿಯನ್ನು ಹೊದ್ದು ಮಲಗಲಿ.

ಮಿರಗದ ಮಳೆ ಹಿಡಿಯುವುದರೊಳಗೆ ಬಾ. ಆಮೇಲೆ ಎಲ್ಲರೂ ಬಿತ್ತನೆಗೆ ಹೋಗುತ್ತಾರೆ, ಕೈಗೆ ಸಿಗುವುದಿಲ್ಲ. ಈಗ ಮುಗಿದರೆ ಮಹಾನವಮಿ ಮುಂದೆ ಊರಿನ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಗೆಯಲು ಒಯ್ಯುವಾಗ ಅದನ್ನೂ ಒಗೆದು ಬಂಡೆಯ ಮೇಲೆ ಹರವಬಹುದು.

ಆ ಹಸಿರು ಮೈಯ, ಕೆಂಪು ಸೆರಗಿನ ಸೀರೆ ಮಾತ್ರ ಮರೆಯಬೇಡ. ಹೊಟ್ಟೆಯ ಮೇಲಿನ ತುಂಡಿಗೆ ಅದೇ ಬೇಕು ಅಂತ ದೊಡ್ಡವ್ವ ಈಗಲೇ ಹೇಳಿಟ್ಟಿದ್ದಾಳೆ.

ನಿನ್ನ ಗೆಳತಿ