ಗುಹೆ ನೋಡಲು ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗುಹೆಯೊಳಗೆ ನೆಲ ಒದ್ದೆ ಇರುತ್ತದೆ, ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಳ್ಳಿ.

ಮುಖ್ಯವಾದ ಮಾತು, ಕಲ್ಲುಗಳನ್ನು ದಯವಿಟ್ಟು ಮುಟ್ಟಬೇಡಿ. ಮಳೆನೀರು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಸುಣ್ಣಕಲ್ಲನ್ನು ಕರಗಿಸುತ್ತಾ ಕೆಳಗಿಳಿಯುತ್ತದೆ. ಗುಹೆಯ ಗಾಳಿ ತಾಗಿದಾಗ ಆ ಅನಿಲ ಹೊರಟುಹೋಗಿ, ಸುಣ್ಣದ ತೆಳು ಪದರ ಅಲ್ಲೇ ಉಳಿಯುತ್ತದೆ. ಚಾವಣಿಯಿಂದ ಇಳಿಬಿದ್ದ ಸ್ಟ್ಯಾಲಕ್ಟೈಟ್‌ಗಳು ಬೆಳೆಯುವುದು ಹೀಗೆ. ಒಂದು ಸೆಂಟಿಮೀಟರ್ ಬೆಳೆಯಲು ಸುಮಾರು 100 ವರ್ಷ ಬೇಕಾಗಬಹುದು, ಎಷ್ಟೋ ಕಡೆ ಇನ್ನೂ ಜಾಸ್ತಿ. ನಮ್ಮ ಕೈಯ ಎಣ್ಣೆ ಅಂಟಿದ ಜಾಗದಲ್ಲಿ ಹೊಸ ಪದರ ಸರಿಯಾಗಿ ಕೂರುವುದಿಲ್ಲ, ಕಲ್ಲಿನ ಬಣ್ಣವೂ ಕೆಡುತ್ತದೆ. ಸುಮ್ನೆ ಒಂದು ಫೋಟೋಗೋಸ್ಕರ ಅದನ್ನು ಹಾಳು ಮಾಡಬಾರದು, ಅಲ್ವಾ?

ಚಾವಣಿಯಲ್ಲಿ ಸ್ಟ್ರಾ ಥರದ ಟೊಳ್ಳು ಕೊಳವೆಗಳು ಕಂಡರೆ ಅಲ್ಲೇ ಸ್ವಲ್ಪ ನಿಲ್ಲಿ. ನನಗಂತೂ ದೊಡ್ಡ ಕಂಬಗಳಿಗಿಂತ ಅವೇ ಹೆಚ್ಚು ಇಷ್ಟ. ತುದಿಯಲ್ಲಿ ಒಂದು ಹನಿ ನಿಂತಿರುತ್ತದೆ. ಆ ಹನಿಯ ಅಂಚಿನ ಸುತ್ತ ಸುಣ್ಣ ಕೂತು ಕೊಳವೆ ಉದ್ದವಾಗುತ್ತದೆ. ಅದರ ನೇರ ಕೆಳಗೆ ನೋಡಿ, ನೆಲದಲ್ಲಿ ಸ್ಟ್ಯಾಲಗ್ಮೈಟ್ ಏಳುತ್ತಿರಬಹುದು.

ತಿಂಡಿ ಒಳಗೆ ತರಬೇಡಿ. ತುಣುಕು ಬಿದ್ದರೂ ಬೂಷ್ಟು ಹಿಡಿಯುತ್ತದೆ. ಚಿಕ್ಕ ಮಕ್ಕಳ ಕೈ ಬಿಡಬೇಡಿ, ಗೈಡ್ ಹೇಳಿದ ದಾರಿ ಬಿಟ್ಟು ಯಾರೂ ಹೋಗಬೇಡಿ.