ಖರ್ಗೆಯವರೇ, ಆ ಪಟ್ಟಿಯನ್ನು ಗೋಡೆಗೆ ಅಂಟಿಸಿ

ಮಾನ್ಯ ಮಲ್ಲಿಕಾರ್ಜುನ ಖರ್ಗೆಯವರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಪಕ್ಷದ ಸದಸ್ಯನಲ್ಲ. ಕೆಲವು ಸಲ ಕೈ ಗುರುತಿಗೆ ಓಟು ಹಾಕಿದ್ದೇನೆ, ಕೆಲವು ಸಲ ಇಲ್ಲ. ಹಾಗಾದರೆ ನಮ್ಮ ಮನೆ ವಿಷಯ ನಿನಗ್ಯಾಕಪ್ಪ ಅಂತ ಕೇಳಬಹುದು. ಬಿ ಫಾರಂ, ಅಂದರೆ ಪಕ್ಷದ ಟಿಕೆಟ್, ಯಾರಿಗೆ ಅನ್ನುವುದು ಪಕ್ಷದೊಳಗೇ ತೀರ್ಮಾನವಾಗುತ್ತದೆ. ನೀವೆಲ್ಲ ನಿಲ್ಲಿಸಿದವರಲ್ಲೇ ನಾವು ಒಬ್ಬರನ್ನು ಆರಿಸಬೇಕು. ಹಾಗಾಗಿ ನಿಮ್ಮನ್ನು ಕಾಂಗ್ರೆಸ್ ಅಧ್ಯಕ್ಷರನ್ನಾಗಿ ಆರಿಸಿದವರು ಯಾರು ಅನ್ನುವುದು ನನಗೂ ಬೇಕಾದ ವಿಷಯವೇ.

ಆ ಅಧ್ಯಕ್ಷರ ಚುನಾವಣೆ ನಡೆದ 2022ರ ಅಕ್ಟೋಬರ್ 17 ಚೆನ್ನಾಗಿ ನೆನಪಿದೆ. ನೀವು ಬೆಂಗಳೂರಿನಲ್ಲಿ ಮತ ಹಾಕಿದಿರಿ. ರಾಹುಲ್ ಗಾಂಧಿ ಪಾದಯಾತ್ರೆಯಲ್ಲಿದ್ದರು, ಬಳ್ಳಾರಿ ಹತ್ತಿರ ಸಂಗನಕಲ್ಲಿನ ಬಿಡಾರದಲ್ಲೇ ಸಾಲಿನಲ್ಲಿ ನಿಂತು ಮತ ಹಾಕಿದರು. ಎಣಿಸಿದಾಗ ನಿಮಗೆ 7,897, ಶಶಿ ತರೂರ್ ಅವರಿಗೆ 1,072. ಅಸಿಂಧು 416. 2000ದಲ್ಲಿ ಸೋನಿಯಾ ಎದುರು ನಿಂತ ಜಿತೇಂದ್ರ ಪ್ರಸಾದ ಅವರಿಗೆ ಸಿಕ್ಕಿದ್ದು ಬರೀ 94. ಅದಕ್ಕೆ ಹೋಲಿಸಿದರೆ ಇದು ನಿಜವಾದ ಚುನಾವಣೆ, ಒಪ್ಪುತ್ತೇನೆ. ಬಿಜೆಪಿಯವರಂತೂ ಪ್ರತಿ ಸಲ ‘ಅವಿರೋಧ’ ಅಂತ ಹೇಳಿ ಮುಗಿಸಿಬಿಡುತ್ತಾರೆ.

ಆದರೆ ಆ ಒಂಬತ್ತು ಸಾವಿರ ಚಿಲ್ಲರೆ ಮತದಾರರು ಯಾರು? ಪಕ್ಷದ ಬ್ಲಾಕ್ ಸಮಿತಿಗೊಬ್ಬ ಪ್ರತಿನಿಧಿ ಅಂತ ನಿಯಮ ಹೇಳುತ್ತದೆ. ಪಟ್ಟಿ ಕೊಡಿ ಅಂತ ತರೂರ್, ಮನೀಶ್ ತಿವಾರಿ, ಕಾರ್ತಿ ಚಿದಂಬರಂ ಸೇರಿ ಐವರು ಸಂಸದರೇ ಪತ್ರ ಬರೆಯಬೇಕಾಯಿತು. ಸ್ಪರ್ಧಿಸುವವರು ದಿಲ್ಲಿ ಕಚೇರಿಗೆ ಬಂದು ನೋಡಲಿ ಅನ್ನುವಲ್ಲಿಗೆ ಅದು ನಿಂತಿತು. ಊರಿನ ಕಾರ್ಯಕರ್ತ ದಿಲ್ಲಿಗೆ ಹೋಗಿ ನೋಡುತ್ತಾನಾ?

ನಮ್ಮೂರ ಹಾಲಿನ ಡೇರಿ ಚುನಾವಣೆ ನೋಡಿ. ತೂಕದ ಯಂತ್ರದ ಪಕ್ಕದ ಗೋಡೆಗೆ ಎರಡು ಪಟ್ಟಿ ಅಂಟಿಸುತ್ತಾರೆ, ಅರ್ಹರದ್ದು ಒಂದು, ಅನರ್ಹರದ್ದು ಒಂದು. ಬೆಳಿಗ್ಗೆ ಬಂದವರು ಕ್ಯಾನ್ ಕೆಳಗಿಟ್ಟು ಹೆಸರು ಹುಡುಕುತ್ತಾರೆ. ಹೋದ ಸಲ ಒಬ್ಬ ಅಜ್ಜಿ ನನ್ನ ಕೈಲಿ ಓದಿಸಿದರು. ಎರಡನೇ ಪಟ್ಟಿಯಲ್ಲಿದ್ದರು. ದಿನಾ ಹಾಲು ಹಾಕುವ ನನಗೇ ಓಟಿಲ್ವಾ ಅಂತ ಜಗಳಕ್ಕೆ ನಿಂತರು. ಕಾರ್ಯದರ್ಶಿ ಸಭೆಯ ಹಾಜರಿ ಪುಸ್ತಕ ತೆಗೆದು, ಹೆಬ್ಬೆಟ್ಟು ಬೀಳದ ಜಾಗವನ್ನು ಒಂದೊಂದಾಗಿ ತೋರಿಸಿದರು. ಅಜ್ಜಿ ಬೈಯುತ್ತಲೇ ಮನೆಗೆ ಹೋದರು. ಆದರೆ ಯಾಕಿಲ್ಲ ಅನ್ನುವುದು ಗೊತ್ತಾಯಿತು, ಅಲ್ವಾ?

ಎಲ್ಲ ಸದಸ್ಯರಿಗೂ ಮತ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಫಲಿತಾಂಶ ಬಂದ ಮರುದಿನವೇ ಲಂಡನ್ನಿನಲ್ಲಿ ಬ್ರಿಟನ್ ಪ್ರಧಾನಿ ಲಿಜ್ ಟ್ರಸ್ ರಾಜೀನಾಮೆ ಘೋಷಿಸಿದರು. ಅವರನ್ನು ಪಕ್ಷದ ನಾಯಕಿಯಾಗಿ ಆರಿಸುವಾಗ ಸಂಸದರ ಮತದಲ್ಲಿ ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಮುಂದಿದ್ದರು. ಪಕ್ಷದ ಸಾಮಾನ್ಯ ಸದಸ್ಯರು ಮಾತ್ರ ಟ್ರಸ್ ಅವರಿಗೆ 81,326, ಸುನಕ್‌ಗೆ 60,399 ಮತ ಹಾಕಿದರು. ಎರಡು ತಿಂಗಳೂ ನಡೆಯಲಿಲ್ಲ ಆ ಸರ್ಕಾರ. ಆದರೂ ತಪ್ಪು ಮಾಡಿದವರು ಯಾರು ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಸದಸ್ಯರೇ ನೇರವಾಗಿ ಓಟು ಹಾಕುವುದು ನಿಮಗೂ ಹೊಸದಲ್ಲ. ಯುವ ಕಾಂಗ್ರೆಸ್‌ನಲ್ಲಿ ಹಾಗೇ ನಡೆಯುತ್ತದೆ. ಅಲ್ಲಿ ಜಗಳ, ದೂರು ಇಲ್ಲ ಅಂತಲ್ಲ.

ಸದಸ್ಯರಿಗೆಲ್ಲ ಮತ ಕೊಡುವ ವಿಷಯ ನಿಧಾನಕ್ಕೆ ಚರ್ಚೆಯಾಗಲಿ. ಪಟ್ಟಿಗೆ ಅಷ್ಟು ಕಾಯಬೇಕಿಲ್ಲ. ಮುಂದಿನ ಅಧ್ಯಕ್ಷರ ಚುನಾವಣೆಗೆ ತಿಂಗಳು ಮೊದಲೇ ಪ್ರತಿ ಬ್ಲಾಕ್ ಕಚೇರಿ ಗೋಡೆಯ ಮೇಲೆ ಆ ಬ್ಲಾಕಿನ ಪ್ರತಿನಿಧಿಯ ಹೆಸರು ಇರಲಿ. ಅವರನ್ನು ಆರಿಸಿದ್ದು ಯಾವತ್ತು, ಎಷ್ಟು ಜನ ಸೇರಿದ್ದರು ಅನ್ನುವುದೂ ಇರಲಿ. ರಾಜ್ಯ ಘಟಕದ ಅಧ್ಯಕ್ಷರ ನೇಮಕವನ್ನು ಹೈಕಮಾಂಡಿಗೆ ಬಿಟ್ಟಿದ್ದೇವೆ ಅನ್ನುವ ಒಂದು ಸಾಲಿನ ನಿರ್ಣಯಗಳನ್ನು ರಾಜ್ಯಗಳು ದಿಲ್ಲಿಗೆ ಕಳಿಸುವ ಪದ್ಧತಿಯನ್ನೂ ನಿಲ್ಲಿಸಿ.

1972ರಲ್ಲಿ ಗುರುಮಠಕಲ್‌ನಲ್ಲಿ ಮೊದಲ ಸಲ ಗೆದ್ದವರು ನೀವು. ಮತದಾರರ ಪಟ್ಟಿ ಕೈಯಲ್ಲಿಲ್ಲದೆ ಪ್ರಚಾರಕ್ಕೆ ಹೊರಟಿದ್ದಿರಾ?

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ಮತದಾರ