ಥಾರ್ ಮರುಭೂಮಿಯ ಚಳಿಗೆ ವ್ಯಾನಿನೊಳಗೆ ಕೆಂಡ ಬೇಡ

ಮಾನ್ಯರೇ,

ಕ್ರಿಸ್‌ಮಸ್ ರಜೆಗೆ ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಕ್ಯಾಂಪರ್ ವ್ಯಾನ್ ಬಾಡಿಗೆ ಹಿಡಿದು ಜೈಸಲ್ಮೇರ್ ಕಡೆ ಹೊರಡುವ ಕನ್ನಡಿಗರು ಮರಳು, ನೀರಿನ ಯೋಚನೆ ಮಾಡುತ್ತಾರೆ, ರಾತ್ರಿಯದ್ದು ಮಾಡುವುದಿಲ್ಲ. ಜನವರಿಯಲ್ಲಿ ಅಲ್ಲಿ ಹಗಲು 23–24 ಡಿಗ್ರಿ ಇದ್ದದ್ದು ನಸುಕಿಗೆ 7–8ಕ್ಕೆ ಇಳಿಯುತ್ತದೆ, ಶೀತಗಾಳಿ ಬೀಸಿದರೆ ಇನ್ನೂ ಕೆಳಗೆ. ತಗಡಿನ ವ್ಯಾನು ಬೇಗ ತಣ್ಣಗಾಗುತ್ತದೆ.

ಆಗ ಹೊರಗೆ ಕಾಯಿಸಿಕೊಂಡ ಅಗ್ಗಿಷ್ಟಿಕೆಯನ್ನೇ ಒಳಗಿಟ್ಟು ಬಾಗಿಲು ಹಾಕಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಹೊಗೆ ನಿಂತ ಕೆಂಡವೂ ಕಾರ್ಬನ್ ಮೋನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಎಚ್ಚರವಿದ್ದರೆ ತಲೆನೋವು, ವಾಕರಿಕೆ ಗೊತ್ತಾದೀತು. ನಿದ್ದೆಯಲ್ಲಿ ಅದೂ ಇಲ್ಲ. ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವುದೂ ಅಷ್ಟೇ ಅಪಾಯ.

ಬೆಚ್ಚಗಾಗಲು ವ್ಯಾನಿಗೆ ಕೂರಿಸುವ ಡೀಸೆಲ್ ಹೀಟರ್ ಬಳಸಿ. ಅದು ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು, ಹೊಗೆಯನ್ನೂ ಹೊರಗೇ ಬಿಡುತ್ತದೆ. ವ್ಯಾನಿಗೆ 2 ಕಿಲೋವಾಟ್‌ನದು ಸಾಕು. ಸಣ್ಣಗೆ ಓಡಿದರೆ ರಾತ್ರಿಗೆ ಸುಮಾರು ಒಂದು ಲೀಟರ್ ಡೀಸೆಲ್. ಹೀಟರ್ ಕೈಕೊಡುವುದು ಹೆಚ್ಚಾಗಿ ಬ್ಯಾಟರಿಯಿಂದ. ಹೊತ್ತಿಕೊಳ್ಳುವಾಗ, ಕಾದು ಡೀಸೆಲ್‌ಗೆ ಬೆಂಕಿ ಹಚ್ಚುವ ಗ್ಲೋ ಪ್ಲಗ್ 8–10 ಆಂಪಿಯರ್ ಎಳೆಯುತ್ತದೆ. ಸಂಜೆಯೆಲ್ಲ ಫ್ರಿಜ್, ದೀಪ ನಡೆಸಿದ್ದರೆ ವೋಲ್ಟೇಜ್ ಕುಸಿದು ಹೀಟರ್ ಎರರ್ ತೋರಿಸಿ ನಿಲ್ಲುತ್ತದೆ. ಚಳಿಗೆ ಲೆಡ್-ಆಸಿಡ್ ಬ್ಯಾಟರಿಯ ಕಸುವೂ ತಗ್ಗಿರುತ್ತದೆ. ಆದ್ದರಿಂದ ಬ್ಯಾಟರಿ ತುಂಬಿರುವಾಗಲೇ ಹಚ್ಚಿ ಸಣ್ಣಗೆ ಓಡಲು ಬಿಡಿ. ಆರಿಸುವಾಗ ಸ್ವಿಚ್ಚಿನಿಂದಲೇ ಆರಿಸಿ. ಫ್ಯಾನ್ ನಾಲ್ಕೈದು ನಿಮಿಷ ಓಡಿ ತಣಿಯುವ ಮೊದಲೇ ಬ್ಯಾಟರಿ ಕನೆಕ್ಷನ್ ಕಿತ್ತರೆ ಒಳಭಾಗ ಅತಿಯಾಗಿ ಕಾದು ಕೆಡುತ್ತದೆ.

ಇನ್ನೊಂದು ತೊಂದರೆ ಮರಳಿನದು. ಚಕ್ರ ಹೂತರೆ ಅಡಿಯಲ್ಲಿರುವ ಹೀಟರಿನ ಹೊಗೆಕೊಳವೆಯ ಬಾಯಿ ಮುಚ್ಚಿ, ಹೊಗೆ ಸಂದುಗಳಿಂದ ಒಳಗೆ ನುಗ್ಗಬಹುದು. ಟಾರ್ಚ್ ಹಿಡಿದು ಬಗ್ಗಿ ನೋಡಿಯೇ ಹೀಟರ್ ಹಚ್ಚಬೇಕು. ಚಳಿಯೆಂದು ಎಲ್ಲ ಕಿಂಡಿ ಮುಚ್ಚಲೂಬಾರದು. ಇಬ್ಬರ ಉಸಿರಿನಿಂದಲೇ ರಾತ್ರಿಗೆ ಅರ್ಧ ಲೀಟರಿನಷ್ಟು ನೀರು ಸೇರಿ, ಬೆಳಿಗ್ಗೆ ಗಾಜಿನಿಂದ ತೊಟ್ಟಿಕ್ಕಿ ಹಾಸಿಗೆ ನೆನೆಯುತ್ತದೆ. ಮೇಲಿನ ಕಿಂಡಿಯನ್ನು ಎರಡು ಬೆರಳಷ್ಟು ತೆರೆದಿಡಿ.

ಮರಳು ದಿಬ್ಬಗಳ ನಡುವಿನ ತಗ್ಗಿನಲ್ಲಿ ತಣ್ಣನೆಯ ಗಾಳಿ ಇಳಿದು ನಿಲ್ಲುತ್ತದೆ. ತುಸು ಎತ್ತರದ ಗಟ್ಟಿ ನೆಲ ಮೇಲು. ಆದರೆ ಸಪಾಟಾಗಿ, ಗುಡಿಸಿದಂತೆ ಕಾಣುವ ಜಾಗ ಊರಿನ ಕೆರೆಯ ಆಗೋರ್ ಆಗಿರಬಹುದು. ಮಳೆನೀರು ಕೆರೆಗೆ ಹರಿಯುವ ಆ ಇಳಿಜಾರನ್ನು ಅಲ್ಲಿಯವರು ಬಹಳ ಜೋಪಾನ ಮಾಡುತ್ತಾರೆ. ಪಾತ್ರೆ ತೊಳೆದ ನೀರು, ಶೌಚದ ಟ್ಯಾಂಕು ಅಲ್ಲಿ ಖಾಲಿ ಮಾಡಿದರೆ ಕೆಡುವುದು ಊರಿನ ನೀರು. ಊರವರನ್ನು ಕೇಳಿಯೇ ನಿಲ್ಲಿಸಿ.

ಕ್ಯಾಂಪರ್ ಬಾಡಿಗೆಗೆ ಕೊಡುವವರು ದಿಂಬಿನ ಎತ್ತರಕ್ಕೆ ಕಾರ್ಬನ್ ಮೋನಾಕ್ಸೈಡ್ ಅಲಾರಂ ಕೂರಿಸಲಿ, ಕೀಲಿ ಕೊಡುವ ಮೊದಲು ಹೀಟರ್ ಹಚ್ಚಿ, ಆರಿಸಿ ತೋರಿಸಲಿ. ಅಲಾರಂ ಇಲ್ಲದ ಕ್ಯಾಂಪರ್‌ಗೆ ಸಾರಿಗೆ ಇಲಾಖೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೊಡಬಾರದು.

– ಒಬ್ಬ ವಾಹನ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ